ಯಾರೂ ಬಳಸುವುದಿಲ್ಲವಂತೆ

ನನಗೆ ಬೇಗ ಸಿಟ್ಟು ಬರುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಲ್ದೂರಿನಲ್ಲಿ ಯುಪಿಎಸ್, ಪ್ರಿಂಟರ್, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಸಿಟ್ಟು ಬರಬಾರದು. ಗಿರಾಕಿಗಳು ಬರುವುದೇ ಸಿಟ್ಟು ಹೊತ್ತುಕೊಂಡು. ಅದರ ಮೇಲೆ ನನ್ನದನ್ನೂ ಪೇರಿಸಿದರೆ ಹತ್ತಡಿ ಅಂಗಡಿಯಲ್ಲಿ ಜಾಗ ಸಾಲದು. ಹಾಗಾಗಿ ಕೌಂಟರಿನ ಹಿಂದೆ ನಾನು ಪರಮ ಸಾಧು. ಸಿಟ್ಟನ್ನೆಲ್ಲ ಕೂಡಿಟ್ಟು ಒಂದೇ ಒಂದು ಶಬ್ದದ ಮೇಲೆ ತೀರಿಸಿಕೊಳ್ಳುತ್ತೇನೆ. ಆ ಶಬ್ದ ‘ಮೆಂಟೆನೆನ್ಸ್’.

ನಮ್ಮ ಜನ ಅದನ್ನು ಹೇಳುವ ರೀತಿಯನ್ನೇ ಗಮನಿಸಿ. ‘ಬರೀ ಮೆಂಟೆನೆನ್ಸ್’ ಎನ್ನುತ್ತಾರೆ. ಆ ‘ಬರೀ’ ಇಲ್ಲದೆ ಈ ಶಬ್ದ ಯಾರ ಬಾಯಿಂದಲೂ ಹೊರಬಿದ್ದದ್ದನ್ನು ನಾನು ಕೇಳಿಲ್ಲ. ಸೇತುವೆ ಕಟ್ಟಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ಪ್ರತಿವರ್ಷ ಮಳೆಗೆ ಮೊದಲು ಅದರ ಕೆಳಗಿನ ಕಸ ಎಳೆದುಹಾಕುವವನ ಹೆಸರು ಅವನ ಮನೆಯವರಿಗೆ ಮಾತ್ರ ಗೊತ್ತು. ಕಾಫಿ ಗಿಡ ನೆಡುವ ದಿನ ಧಣಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ. ವರ್ಷವರ್ಷ ಮರ ಹತ್ತಿ ನೆರಳಿನ ಕೊಂಬೆ ಸವರುವವನ ಫೋಟೋವನ್ನು ನೀವು ಯಾವ ಗೋಡೆಯ ಮೇಲಾದರೂ ನೋಡಿದ್ದೀರಾ?

ನನಗೆ ಈ ವಿಷಯದಲ್ಲಿ ಇಷ್ಟು ಉರಿಯುವುದಕ್ಕೆ ಕಾರಣವಿದೆ. ಅಂಗಡಿಯಲ್ಲದೆ ನನಗೆ ಇನ್ನೊಂದು ಕೆಲಸವಿದೆ. ಯಾರು ಬೇಕಾದರೂ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಂ ಇದೆ. ಜಗತ್ತಿನ ಸಾವಿರಾರು ಜನ ಸೇರಿ ಬರೆಯುವ ಆ ಬೃಹತ್ ಬರವಣಿಗೆಯ ಒಂದು ಮೂಲೆಯಲ್ಲಿ ಒಂದು ಡ್ರೈವರು ಮತ್ತು ಒಂದು ಲೈಬ್ರರಿ ನನ್ನ ಸುಪರ್ದಿಯಲ್ಲಿವೆ. ಹನ್ನೊಂದು ವರ್ಷದಿಂದ ಅವನ್ನು ಸುಸ್ಥಿತಿಯಲ್ಲಿ ಇಟ್ಟಿದ್ದೇನೆ. ಇದನ್ನು ಕಾಫಿ ವ್ಯಾಪಾರದ ಚಂದ್ರಣ್ಣನಿಗೆ ಒಮ್ಮೆ ಹೆಮ್ಮೆಯಿಂದ ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ಡ್ರೈವರ್ ಇಟ್ಕೊಂಡಿದ್ದೀಯ? ನಿನ್ನತ್ರ ಇರೋದು ಒಂದು ಸ್ಕೂಟರ್ ಅಲ್ವ ಮಾರಾಯ” ಎಂದ. ನನ್ನ ಹೆಂಡತಿ ಶೋಭಾ ತನ್ನ ತವರಿನವರ ಮುಂದೆ ನಾನು ಲೈಬ್ರರಿ ನಡೆಸುತ್ತೇನೆ ಎಂದುಬಿಟ್ಟಿದ್ದಳು. ಅವಳ ಸೋದರಮಾವ ಮೂಡಿಗೆರೆಯಿಂದ ಎರಡು ಚೀಲ ಹಳೇ ವಾರಪತ್ರಿಕೆಗಳನ್ನು ತಂದು ಅಂಗಡಿಯಲ್ಲಿ ಇಳಿಸಿ ಹೋದರು. ಅವು ಇನ್ನೂ ಅಟ್ಟದ ಮೇಲಿವೆ.

ವಿಷಯ ಇಷ್ಟು. ಕಣ್ಣು ಕಾಣದವರು ಕಂಪ್ಯೂಟರ್ ಓದುವುದಕ್ಕೆ ಬ್ರೈಲ್ ಡಿಸ್‌ಪ್ಲೇ ಎಂಬ ಯಂತ್ರವಿದೆ. ಕೀಬೋರ್ಡಿಗೆ ತಾಗಿಸಿ ಇಡುವ ಉದ್ದನೆಯ ಪೆಟ್ಟಿಗೆ. ಅದರ ಮೇಲೆ ಸಾಲಾಗಿ ನಲವತ್ತು ಮನೆಗಳು. ಒಂದೊಂದು ಮನೆಯಲ್ಲೂ ಸಾಸಿವೆಯಷ್ಟು ದಪ್ಪದ ಮೊಳೆಗಳು ಎದ್ದು ಇಳಿದು ಚುಕ್ಕೆ ಅಕ್ಷರಗಳಾಗುತ್ತವೆ. ಪರದೆಯ ಮೇಲಿನ ಸಾಲು ಬೆರಳಿನ ಕೆಳಗೆ ಬರುತ್ತದೆ. ಆ ಪೆಟ್ಟಿಗೆಗೂ ಕಂಪ್ಯೂಟರಿಗೂ ಮಾತುಕತೆ ನಡೆಸುವ ಬರಹ ಡ್ರೈವರು. ಕನ್ನಡ ಅಕ್ಷರಗಳನ್ನು ಚುಕ್ಕೆಗಳಿಗೆ ತಿರುಗಿಸುವ ನಿಯಮಗಳ ಕಟ್ಟು ಲೈಬ್ರರಿ. ಚಿಕ್ಕಮಗಳೂರಿನ ಅಂಧ ಮಕ್ಕಳ ವಸತಿಶಾಲೆಯೊಂದಕ್ಕೆ ಯುಪಿಎಸ್ ನೋಡಲು ಹೋದಾಗ ಬೀರುವಿನಲ್ಲಿ ಇಂಥ ನಾಲ್ಕು ಪೆಟ್ಟಿಗೆಗಳು ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಸಿಸ್ಟಂನ ಹೊಸ ಆವೃತ್ತಿ ಹಾಕಿದ ದಿನದಿಂದ ಅವು ಏಳಲಿಲ್ಲವಂತೆ. ಮನೆಗೆ ತಂದು, ಮೂರು ವಾರ ಒದ್ದಾಡಿ, ಹನ್ನೆರಡು ಸಾಲು ತಿದ್ದಿದೆ. ಎದ್ದವು. ಆ ತಿದ್ದುಪಡಿಯನ್ನು ಡ್ರೈವರು ನೋಡಿಕೊಳ್ಳುತ್ತಿದ್ದ ದೂರದೇಶದ ಹಿರಿಯರಿಗೆ ಕಳಿಸಿದರೆ, ಅವರು ಅದನ್ನು ಸ್ವೀಕರಿಸಿ, ತಮಗೆ ವಯಸ್ಸಾಯಿತು, ಇನ್ನು ಮುಂದೆ ನೀವೇ ನೋಡಿಕೊಳ್ಳಿ ಎಂದು ಬರೆದರು. ನಾನು ಹ್ಞೂಂ ಎಂದೆ. ಜೀವನದಲ್ಲಿ ಅಷ್ಟು ಸಲೀಸಾಗಿ ಹ್ಞೂಂ ಎಂದದ್ದು ಅದೊಂದೇ ಸಲ.

ಹನ್ನೆರಡು ಸಾಲು ತಿದ್ದಿದ ಮೇಲೆ ಇನ್ನೇನು ಕೆಲಸ ಎಂದು ನೀವು ಕೇಳಬಹುದು. ಚಂದ್ರಣ್ಣ ಕೇಳಿಯೇ ಕೇಳಿದ: “ಅದು ಸರಿ ಇದೆ ಅಂತೀಯ. ಸರಿ ಇರೋದನ್ನ ದಿನಾ ಎಂತ ಮಾಡ್ತೀಯ?” ಇಲ್ಲಿಯೇ ನನಗೆ ಮೈ ಉರಿಯುವುದು. ನನ್ನ ಡ್ರೈವರನ್ನು ನಾನು ಮುಟ್ಟದೆ ಬಿಟ್ಟರೆ ಅದು ಹಾಗೇ ಇರುವುದಿಲ್ಲ, ಕೆಡುತ್ತದೆ. ಅದರ ಸುತ್ತಲಿನ ಸಿಸ್ಟಂ ದಿನವೂ ಬದಲಾಗುತ್ತಿರುತ್ತದೆ. ಯಾರೋ ಪುಣ್ಯಾತ್ಮರು ಅದರೊಳಗಿನ ಒಂದು ಆದೇಶದ ಹೆಸರು ಬದಲಿಸುತ್ತಾರೆ, ಇನ್ನೊಬ್ಬರು ಎರಡು ಹೆಜ್ಜೆಗಳನ್ನು ಹಿಂದುಮುಂದು ಮಾಡುತ್ತಾರೆ. ಅವರವರ ಮಟ್ಟಿಗೆ ಎಲ್ಲರೂ ಸರಿ. ಬೆಳಗ್ಗೆ ನೋಡಿದರೆ ನನ್ನದು ನಿಂತಿರುತ್ತದೆ. ಅಂಗಡಿ ಬಾಗಿಲು ತೆಗೆಯುವ ಮೊದಲು, ಶೋಭಾ ದೋಸೆ ಹುಯ್ಯುವ ಹೊತ್ತಿಗೆ, ನಾನು ಆ ಒಂದು ಹೆಸರು ತಿದ್ದಿ ಕಳಿಸುತ್ತೇನೆ. ಹೊರಗಿನಿಂದ ನೋಡಿದವರಿಗೆ ನಿನ್ನೆ ನಡೆಯುತ್ತಿದ್ದದ್ದು ಇವತ್ತೂ ನಡೆಯಿತು, ಅಷ್ಟೆ.

ಒಮ್ಮೆ ಮಾತ್ರ ಲೈಬ್ರರಿಯಲ್ಲಿ ದೊಡ್ಡ ಎಡವಟ್ಟಾಯಿತು. ಅರ್ಕಾವತ್ತನ್ನು ನೆನೆಸಿಕೊಳ್ಳಿ. ಬಾಯಲ್ಲಿ ‘ಧರ್ಮ’ ಎನ್ನುವಾಗ ರಕಾರ ಮೊದಲು, ಮಕಾರ ಆಮೇಲೆ. ಬರೆಯುವಾಗ ಮಾತ್ರ ‘ಮ’ ಬರೆದು ಪಕ್ಕದಲ್ಲಿ ಕೊಕ್ಕೆ ಹಾಕುತ್ತೇವೆ. ಬ್ರೈಲಿನಲ್ಲಿ ಈ ತಿರುಗುಮುರುಗು ಇಲ್ಲ, ಬಾಯಿ ಹೇಳಿದ ಕ್ರಮದಲ್ಲೇ ಚುಕ್ಕೆ ಏಳುತ್ತದೆ. ನಾವು ಕಣ್ಣಿರುವವರು ಐದನೇ ವಯಸ್ಸಿನಲ್ಲಿ ಒಪ್ಪಿಕೊಂಡು ಮರೆತ ಒಂದು ವಕ್ರತೆಯನ್ನು ಬೆರಳಿನಿಂದ ಓದುವವರು ಒಪ್ಪಿಕೊಳ್ಳಲೇ ಇಲ್ಲ. ಯಾರೋ ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ಅಚ್ಚು ಹಾಕಲು ಹೋಗಿ ನಮ್ಮ ಅರ್ಕಾವತ್ತನ್ನು ಉದುರಿಸಿಬಿಟ್ಟರು. ಧರ್ಮ ‘ಧಮ’ವಾಯಿತು, ಸೂರ್ಯ ‘ಸೂಯ’ನಾದ. ನಾನು ಎರಡೇ ದಿನದಲ್ಲಿ ಸರಿಪಡಿಸಿದೆ. ಅದೇ ನನ್ನ ವೃತ್ತಿಜೀವನದ ಅತಿ ದೊಡ್ಡ ಸಾಹಸ.

ಇಂಥ ನನಗೆ ಹೋದ ಜನವರಿಯಲ್ಲಿ ಒಂದು ಇಮೇಲ್ ಬಂತು. ಕಣದಲ್ಲಿ ಕಾಫಿ ಒಣಗುವ ಕಾಲ. ಅಂಗಡಿಯಲ್ಲಿ ಗಿರಾಕಿ ಕಡಿಮೆ. ಬರೆದವರು ಸಿಸ್ಟಂನ ಆ ವಿಭಾಗದ ಮುಖ್ಯಸ್ಥರು, ಮುಖ ನೋಡದ ವಿದೇಶಿ ಮಹಾಶಯರು. ತುಂಬ ಮರ್ಯಾದೆಯಿಂದಲೇ ಬರೆದಿದ್ದರು. ಈ ಡ್ರೈವರಿನ ಬಗ್ಗೆ ಎರಡು ವರ್ಷದಿಂದ ಒಂದೂ ದೂರು ಬಂದಿಲ್ಲ; ಆದ್ದರಿಂದ ಇದನ್ನು ಯಾರೂ ಬಳಸುತ್ತಿಲ್ಲವೆಂದು ಕಾಣುತ್ತದೆ; ಮುಂದಿನ ಆವೃತ್ತಿಯಿಂದ ತೆಗೆದುಹಾಕುತ್ತಿದ್ದೇವೆ; ಆಕ್ಷೇಪಣೆ ಇದ್ದರೆ ಎರಡು ವಾರದಲ್ಲಿ ತಿಳಿಸಿ.

ನಾನು ಅದನ್ನು ಮೂರು ಸಲ ಓದಿದೆ. ದೂರು ಬರಬಾರದು ಎಂದೇ ಅಲ್ಲವೇ ನಾನು ಹನ್ನೊಂದು ವರ್ಷ ದೋಸೆ ತಣ್ಣಗಾಗಲು ಬಿಟ್ಟದ್ದು? ವಾರಕ್ಕೊಮ್ಮೆ ಕೆಡಿಸಿ ಕೂಗಾಡಿಸಿದ್ದರೆ ಉಳಿಯುತ್ತಿತ್ತು. ನೆಟ್ಟಗೆ ಇಟ್ಟದ್ದಕ್ಕೆ ಹೋಗುತ್ತಿದೆ. ಉತ್ತರ ಬರೆಯಲು ಕೂತೆ. ಮೊದಲ ಕರಡು ನಾಲ್ಕು ಪುಟವಾಯಿತು. ಶೋಭಾಳಿಗೆ ಓದಿ ಹೇಳಿದೆ.

“ಇದ್ರಲ್ಲಿ ಬರೀ ನಿಮ್ಮ ವಿಷ್ಯವೇ ಇದೆಯಲ್ರೀ,” ಎಂದಳು. “ಬಳಸೋರು ಯಾರು ಅಂತ ಒಂದು ಹೆಸ್ರೂ ಇಲ್ಲ.”

ಆಗ ನನಗೆ ತಿಳಿಯಿತು, ನನಗೂ ಒಂದು ಹೆಸರೂ ಗೊತ್ತಿಲ್ಲ ಎಂದು. ವಸತಿಶಾಲೆಗೆ ಫೋನ್ ಮಾಡಿದೆ. ಅವರಿಗೆ ಹೊಸ ಯಂತ್ರಗಳು ಬಂದು ಎಷ್ಟೋ ವರ್ಷವಾಗಿತ್ತು. ಹಳೆಯ ನಾಲ್ಕರಲ್ಲಿ ಮೂರು ಕೆಟ್ಟುಹೋದವು, ಒಂದನ್ನು ಸಂಸೆಯ ಪ್ರೌಢಶಾಲೆಯ ಸುಮಿತ್ರಾ ಟೀಚರಿಗೆ ಕೊಟ್ಟೆವು, ಅವರು ಬಳಸುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದರು. ಮಾರನೆಯ ದಿನ ಅಂಗಡಿಗೆ ಬೀಗ ಹಾಕಿ ಬಾಳೆಹೊನ್ನೂರು ಮೇಲೆ ಕಳಸಕ್ಕೆ ಹೋಗಿ, ಅಲ್ಲಿಂದ ಸಂಸೆಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಒಂದೇ ಭಯ: ಆ ಪೆಟ್ಟಿಗೆಯೂ ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಮಲಗಿದ್ದರೆ? ಆ ಮಹಾಶಯರು ಹೇಳಿದ್ದೇ ನಿಜವಾಗಿದ್ದರೆ?

ಶಾಲೆ ಮುಟ್ಟಿದಾಗ ಪಾಠ ನಡೆಯುತ್ತಿತ್ತು. ಹೆಡ್‌ಮಾಸ್ತರರು ಒಂಬತ್ತನೇ ತರಗತಿಯ ಹಿಂದಿನ ಬೆಂಚಿನಲ್ಲಿ ನನ್ನನ್ನು ಕೂರಿಸಿದರು. ಸುಮಿತ್ರಾ ಟೀಚರಿಗೆ ನಲವತ್ತೈದರ ಆಚೀಚೆ. ಮೇಜಿನ ಮೇಲೆ ಹಳೇ ಲ್ಯಾಪ್‌ಟಾಪ್, ಅದರ ಮುಂದೆ ನಮ್ಮ ಪೆಟ್ಟಿಗೆ. ಅದರ ಅಂಚಿನ ಬಣ್ಣವೆಲ್ಲ ಸವೆದು ಒಳಗಿನ ಲೋಹ ಹೊಳೆಯುತ್ತಿತ್ತು. ಎಡಗೈ ಬೆರಳು ಸಾಲಿನ ಮೇಲೆ ಹರಿಯುತ್ತಿತ್ತು, ಬಲಗೈ ಗಾಳಿಯಲ್ಲಿ ಭೂಪಟ ಬರೆಯುತ್ತಿತ್ತು, ಮುಖ ಮಕ್ಕಳ ಕಡೆಗಿತ್ತು. ಪುಸ್ತಕದೊಳಗೆ ತಲೆ ಹುದುಗಿಸಿ ಓದುವ ಮೇಷ್ಟರುಗಳ ಕೈಕೆಳಗೆ ಕಲಿತವನು ನಾನು. ಓದುತ್ತಾ ಓದುತ್ತಾ ಮಕ್ಕಳ ಕಡೆ ತಿರುಗಿರುವ ಟೀಚರನ್ನು ಅವತ್ತೇ ನೋಡಿದ್ದು. ಹನ್ನೊಂದು ವರ್ಷ ನಾನು ನೋಡಿಕೊಂಡದ್ದು ಏನನ್ನು ಎಂದು ನನಗೆ ಗೊತ್ತಾದದ್ದೂ ಅವತ್ತೇ. ಪಕ್ಕದಲ್ಲಿ ಮಕ್ಕಳಿದ್ದುದರಿಂದ ಕೆಮ್ಮಿದಂತೆ ಮಾಡಿ ಕಣ್ಣೊರೆಸಿಕೊಂಡೆ.

ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ವಿಷಯ ಹೇಳಿದೆ. ಅವರು ಡಬ್ಬಿಯ ಮುಚ್ಚಳ ತೆಗೆಯುತ್ತಾ ಕೇಳಿಸಿಕೊಂಡರು.

“ಎಂತಕ್ಕೆ ತೆಗೀತಾರಂತೆ?”

“ಯಾರೂ ಬಳಸ್ತಾ ಇಲ್ಲ ಅಂತ ಟೀಚರ್. ಎರಡು ವರ್ಷದಿಂದ ಒಂದೂ ದೂರು ಬಂದಿಲ್ವಂತೆ.”

“ದೂರು ಕೊಡೋಕೆ ಎಂತ ಆಗಿತ್ತು? ಚೆನ್ನಾಗೇ ಇತ್ತಲ್ಲ.”

“ಚೆನ್ನಾಗಿರ್ಲಿ ಅಂತ ನಾನೇ ನೋಡ್ಕೊಳ್ತಾ ಇದ್ದೆ.”

“ನೀವಾ?” ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಅದನ್ನ ಒಬ್ರು ನೋಡ್ಕೊಳ್ತಾರೆ ಅಂತ ಇವತ್ತೇ ಗೊತ್ತಾಗಿದ್ದು. ತನ್ನಷ್ಟಕ್ಕೆ ಇರುತ್ತೆ ಅಂದ್ಕೊಂಡಿದ್ದೆ.”

ಮೂರು ಬಸ್ಸು ಹತ್ತಿ ಇಳಿದು ನಾನು ಕೇಳಲು ಬಂದದ್ದು ಈ ಮಾತನ್ನಲ್ಲ. ಅಷ್ಟರಲ್ಲಿ ಟೀಚರ್ ಊಟ ಪಕ್ಕಕ್ಕೆ ಸರಿಸಿದ್ದರು. ಮುಖ ಕೆಂಪಾಗಿತ್ತು.

“ನಂಗೆ ಮೂವತ್ತೊಂದಕ್ಕೆ ಕಣ್ಣು ಹೋಯ್ತು ಸರ್,” ಎಂದರು. “ಹುಟ್ಟಿನಿಂದ ಬರೀ ಕಣ್ಣಲ್ಲಿ ಓದಿದೋಳು, ಚುಕ್ಕೆ ಕಲಿಯೋಕೆ ಎರಡು ವರ್ಷ ಹಿಡೀತು. ಆಮೇಲೆ ಒಬ್ರು ಅಧಿಕಾರಿ ಬಂದು, ನಿಮಗೆ ಪಾಠ ಬೇಡ ಮೇಡಂ, ಆಫೀಸಲ್ಲಿ ಒಂದು ಕುರ್ಚಿ ಕೊಡ್ತೀವಿ, ಸುಮ್ನೆ ಕೂತ್ಕೊಳ್ಳಿ ಅಂದ್ರು. ಅವರನ್ನ ಕ್ಲಾಸಿನ ಬೆಂಚಲ್ಲಿ ಕೂರಿಸಿ ಪಾಠ ಮಾಡಿ ತೋರಿಸ್ದೆ. ಈಗ ಇನ್ನೊಬ್ರಿಗೆ ತೋರಿಸ್ಬೇಕಾ? ನಾನು ಇದೀನಿ ಅಂತ ಎಷ್ಟು ಜನರಿಗೆ ಅರ್ಜಿ ಕೊಡ್ಲಿ?”

ನನ್ನ ಸಿಟ್ಟು ಎಷ್ಟು ಸಣ್ಣದು ಎಂದು ಆಗ ನಾಚಿಕೆಯಾಯಿತು. ನನ್ನನ್ನು ಯಾರೂ ಗಮನಿಸಲಿಲ್ಲ ಎಂಬುದು ನನ್ನ ದೂರು. ಅವರನ್ನು ಇಲ್ಲವೆಂದೇ ತೀರ್ಮಾನಿಸಿಬಿಟ್ಟಿದ್ದರು.

ನಾನು ಇಂಗ್ಲಿಷಿನಲ್ಲಿ ಬರೆದುಕೊಡುತ್ತೇನೆ, ನೀವು ಒಪ್ಪಿಗೆ ಕೊಟ್ಟರೆ ಸಾಕು ಎಂದೆ. ಬೇಡವೆಂದರು. ಲ್ಯಾಪ್‌ಟಾಪನ್ನೂ ಪೆಟ್ಟಿಗೆಯನ್ನೂ ಎಳೆದುಕೊಂಡು ತಾವೇ ಕನ್ನಡದಲ್ಲಿ ಬರೆದರು. ಬರೆದು ಮುಗಿಸಿ, ಬೆರಳಿನಿಂದ ಒಮ್ಮೆ ಓದಿಕೊಂಡು, ಒಂದು ಒತ್ತಕ್ಷರ ತಿದ್ದಿ, ಕಳಿಸಿ ಎಂದರು. ಅದರಲ್ಲಿ ಇದ್ದದ್ದು ಇಷ್ಟೇ:

‘ನಾನು ಸಂಸೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಈ ಯಂತ್ರದಲ್ಲಿ ಓದಿಯೇ ಮಾಡುತ್ತೇನೆ. ದೂರು ಬಂದಿಲ್ಲವಾದ್ದರಿಂದ ಬಳಸುವವರು ಇಲ್ಲವೆಂದು ನೀವು ಬರೆದಿದ್ದೀರಂತೆ. ನನ್ನ ತರಗತಿಯಲ್ಲಿ ಗಲಾಟೆ ಮಾಡದೆ ಕೂತ ಮಕ್ಕಳಿಗೂ ನಾನು ಹಾಜರಿ ಹಾಕುತ್ತೇನೆ.’

ನನ್ನ ನಾಲ್ಕು ಪುಟವನ್ನು ನಾನು ಯಾರಿಗೂ ತೋರಿಸದೆ ಅಳಿಸಿಹಾಕಿದೆ. ಇದನ್ನೇ, ಕನ್ನಡದಲ್ಲೇ, ಸಿಸ್ಟಂ ಬರೆಯುವವರೆಲ್ಲರೂ ಇಮೇಲಿನಲ್ಲಿ ಓದುವ ಚರ್ಚಾಪಟ್ಟಿಗೆ ಕಳಿಸಿದೆ. ಅಷ್ಟು ವರ್ಷಗಳಲ್ಲಿ ಅಲ್ಲಿಗೆ ಹೋದ ಮೊದಲ ಕನ್ನಡ ಪತ್ರ ಅದೇ ಇರಬೇಕು. ಯಾರೋ ಯಂತ್ರದಿಂದ ಅನುವಾದಿಸಿದರು, ಅದು ಸರಿಯಿಲ್ಲವೆಂದು ಇನ್ಯಾರೋ ತಗಾದೆ ತೆಗೆದರು, ಕೊನೆಗೆ ಮೈಸೂರು ಕಡೆಯ ಒಬ್ಬರು ಒಪ್ಪವಾಗಿ ಇಂಗ್ಲಿಷಿಗೆ ತಂದರು. ನಾಲ್ಕು ದಿನ ಬಿಟ್ಟು ಮಹಾಶಯರ ಉತ್ತರ ಬಂತು. ತಮ್ಮ ತೀರ್ಮಾನ ತಪ್ಪಾಗಿತ್ತು, ಡ್ರೈವರು ಇರುತ್ತದೆ, ಆದರೆ ಪ್ರತಿ ಆವೃತ್ತಿಯನ್ನೂ ನಿಜವಾದ ಯಂತ್ರದ ಮೇಲೆ ಯಾರಾದರೂ ಪರೀಕ್ಷಿಸಿ ವರದಿ ಕೊಡಬೇಕು, ಟೀಚರ್ ಒಪ್ಪುತ್ತಾರೆಯೇ?

ಟೀಚರ್ ಒಪ್ಪಿದರು. ಇಲ್ಲಿಗೆ ನನ್ನ ಸಿಟ್ಟು ಶಮನವಾಗಬೇಕಿತ್ತು. ಆದರೆ ನೀವು ಒಬ್ಬ ಒಳ್ಳೆಯ ಟೀಚರ ಕೈಯಲ್ಲಿ ನಿಮ್ಮ ಕೆಲಸವನ್ನು ತಿದ್ದಲು ಕೊಟ್ಟು ನೋಡಿ. ಮೊದಲ ವರದಿಯಲ್ಲಿ ಏಳು ತಪ್ಪು. ಎರಡನೆಯದರಲ್ಲಿ ಒಂಬತ್ತು. ಅನುಸ್ವಾರದ ಮುಂದೆ ಅಂಕಿ ಬಂದರೆ ಹೀಗಾಗುತ್ತದೆ, ಸಾಲು ಇಲ್ಲಿ ಮುರಿಯಬಾರದು, ಇದು ಆಲಸ್ಯದಿಂದ ಆದ ತಪ್ಪು. ‘ಆಲಸ್ಯದಿಂದ’ ಎಂದೇ ಬರೆದಿದ್ದರು.

ಮೊನ್ನೆ ಶುಕ್ರವಾರ ಮಧ್ಯಾಹ್ನ ಟೀಚರ್ ಫೋನ್ ಮಾಡಿದರು. ‘ರ‍್ಯಾಲಿ’ ಎಂಬ ಪದದಲ್ಲಿ ಎರಡು ಚುಕ್ಕೆ ಹೆಚ್ಚಾಗಿ ಏಳುತ್ತಿವೆಯಂತೆ. ನನಗೆ ಕೂಡಲೇ ಗೊತ್ತಾಯಿತು. ಹಾಗೆ ಟೈಪ್ ಮಾಡುವಾಗ ರಕಾರ ಅರ್ಕಾವತ್ತಾಗದಿರಲಿ ಎಂದು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಕೂರಿಸುತ್ತಾರೆ. ಕಣ್ಣಿದ್ದವರಿಗೆ ಕಾಣದ್ದು ಅವರ ಬೆರಳಿಗೆ ಸಿಕ್ಕಿತ್ತು.

“ಸೋಮವಾರ ಸ್ವಾತಂತ್ರ್ಯ ಹೋರಾಟದ ಪಾಠ ಇದೆ,” ಎಂದರು. “ಅದ್ರಲ್ಲಿ ಪುಟಕ್ಕೆ ನಾಲ್ಕು ರ‍್ಯಾಲಿ. ಅಷ್ಟರೊಳಗೆ ಆಗುತ್ತಲ್ವ?”

ಇದು ಬಿಡುವಿನಲ್ಲಿ ಮಾಡುವ ಕೆಲಸ ಟೀಚರ್, ಇದಕ್ಕೆ ಹೀಗೆ ಗಡುವು ಹಾಕುವ ಕ್ರಮವಿಲ್ಲ, ಅಂಗಡಿಯಲ್ಲಿ ಆರು ಯುಪಿಎಸ್ ಕಾದಿವೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಅವರು ಎಲ್ಲ ಕೇಳಿಸಿಕೊಂಡು, “ಸರಿ, ಸೋಮವಾರ ಮೊದಲನೇ ಪೀರಿಯಡ್” ಎಂದು ಫೋನ್ ಇಟ್ಟುಬಿಟ್ಟರು. ಶನಿವಾರ ಇಡೀ ದಿನ ಶೋಭಾಳ ಮುಂದೆ ಆ ಹೆಂಗಸಿನ ಜಬರ್ದಸ್ತಿಯನ್ನು ಬಣ್ಣಿಸುತ್ತಾ ಲೈಬ್ರರಿಯ ಮುಂದೆ ಕೂತಿದ್ದೆ. ಸಂಜೆ ಐದಕ್ಕೆ ತಿದ್ದುಪಡಿ ಸಂಸೆ ಮುಟ್ಟಿತ್ತು. ನಾನಿನ್ನೂ ಬೈಯುವುದನ್ನು ಮುಗಿಸಿರಲಿಲ್ಲ.