ಮೀಟಾಳ ಮಗುವಿನ ಸಮಾಧಿ

ಲೀವೆರೆ ಊರಿನಲ್ಲಿ ಸತ್ತವರ ಮೇಲೆ ಹುಲ್ಲು ಬೆಳೆಯಲು ಬಿಡುವುದಿಲ್ಲ. ಸಮಾಧಿಯ ಮೇಲೆ ಮರಳು ಹರಡಿ, ಶನಿವಾರ ಶನಿವಾರ ಹೋಗಿ ಕೈಕುಂಟೆಯಿಂದ ಸಾಲುಸಾಲಾಗಿ ಗೆರೆ ಎಳೆದು ಬರಬೇಕು. ಗೆರೆ ಅಳಿಸಿದ ಸಮಾಧಿ ಕಣ್ಣಿಗೆ ಬಿದ್ದರೆ ಆ ಮನೆಯವರ ಮಾನ ಹೋಯಿತೆಂದೇ ಅರ್ಥ. ಬದುಕಿರುವವರ ಬಗ್ಗೆ ಈ ಊರಿಗೆ ಇಷ್ಟು ಕಾಳಜಿ ಇದ್ದದ್ದನ್ನು ಯಾರೂ ಕಂಡಿಲ್ಲ.

ಮೀಟಾ ಗೆರೆ ಎಳೆಯುತ್ತಿದ್ದದ್ದು ಮೂರು ಸಮಾಧಿಗಳಿಗೆ. ಅಪ್ಪ ಮಿಹ್ಕೆಲನದು, ಅಮ್ಮನದು, ಅವರಿಬ್ಬರ ಕಾಲ ಬಳಿ ಹೆಸರಿಲ್ಲದ ಮರದ ಶಿಲುಬೆ ನೆಟ್ಟಿದ್ದ ಒಂದು ಪುಟ್ಟ ದಿಬ್ಬ. ಅದು ಮೀಟಾಳ ಮಗುವಿನದು, ಮದುವೆಯಿಲ್ಲದೆ ಹುಟ್ಟಿ ಹುಟ್ಟುತ್ತಲೇ ಸತ್ತದ್ದು ಎಂದು ಊರಿಗೆಲ್ಲ ಗೊತ್ತಿತ್ತು. ಯಾರಿಗೆ ಹುಟ್ಟಿದ್ದು ಎಂಬುದಕ್ಕೆ ಮಾತ್ರ ಊರು ಒಮ್ಮೆ ರಷ್ಯನ್ ಸಿಪಾಯಿಯನ್ನೂ, ಒಮ್ಮೆ ಕಾಡಿನಲ್ಲಿ ತಲೆಮರೆಸಿಕೊಂಡಿದ್ದವನನ್ನೂ, ಒಮ್ಮೆ ಹೆಂಡತಿಯಿದ್ದ ಗಿರಣಿಯವನನ್ನೂ ತೋರಿಸುತ್ತಿತ್ತು. ಮೀಟಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸರ್ಕಾರಿ ಸಾಮೂಹಿಕ ಕೃಷಿಯ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ, ಮದುವೆ ಮಕ್ಕಳು ಏನೂ ಇಲ್ಲದೆ ತಲೆ ನರೆಸಿಕೊಂಡಳು.

ಆ ದಿಬ್ಬದಡಿ ಮಗು ಇರಲಿಲ್ಲ. ಇದ್ದದ್ದು ಊರಿನ ಸ್ವಾತಂತ್ರ್ಯ ಸ್ಮಾರಕದ ಕಂಚಿನ ಫಲಕ.

ಮಹಾಯುದ್ಧ ಮುಗಿದ ಮರುವರ್ಷ, ದೇಶವನ್ನು ಹಿಡಿದುಕೊಂಡಿದ್ದ ರಷ್ಯನ್ನರ ಅಧಿಕಾರಿಗಳು ಬಂದು ಚರ್ಚಿನ ಮುಂದಿನ ಸ್ಮಾರಕವನ್ನು ಮದ್ದಿಟ್ಟು ಉಡಾಯಿಸಿದರು. ಹಿಂದೆ ರಷ್ಯನ್ನರ ವಿರುದ್ಧ ನಡೆದ ಸ್ವಾತಂತ್ರ್ಯ ಯುದ್ಧದಲ್ಲಿ ಸತ್ತ ಊರ ಗಂಡಸರ ಹೆಸರುಗಳಿದ್ದ ಫಲಕ ಹಾರಿ ಚರಂಡಿಗೆ ಬಿತ್ತು. ಅದರಲ್ಲಿ ಮಿಹ್ಕೆಲನ ತಮ್ಮನ ಹೆಸರೂ ಇತ್ತು. ಮಿಹ್ಕೆಲ್ ಊರಿನ ಬಡಗಿ. ಹಲಗೆ ತುಂಬಿದ ಗಾಡಿಯ ಅಡಿಯಲ್ಲಿ ಫಲಕವನ್ನು ಮನೆಗೆ ತಂದುಬಿಟ್ಟ. ಎರಡು ದಿನ ಕಳೆಯುವಷ್ಟರಲ್ಲಿ ಮನೆಮನೆ ಶೋಧ ಶುರುವಾಯಿತು. ಸಿಕ್ಕಿದರೆ ಇಡೀ ಸಂಸಾರ ಸೈಬೀರಿಯಾಕ್ಕೆ.

ಮೀಟಾ ಆ ಚಳಿಗಾಲವೆಲ್ಲ ಶ್ವಾಸಕೋಶದ ಕಾಯಿಲೆಯಿಂದ ಮನೆಯಲ್ಲೇ ಮಲಗಿದ್ದಳು. ಹೊರಗೆ ಬಂದಾಗಲೂ ಅಮ್ಮನ ದೊಗಲೆ ಕೋಟು. ಪಕ್ಕದ ಮನೆಯ ಲಿಯೊಂಟೀನ್, ಅವಳದೇ ವಯಸ್ಸಿನವಳು, ಅವಳ ಜೊತೆಗೇ ಓದಿದವಳು, ಹುಡುಗಿ ಸುಮ್ಮನೆ ಒಳಗೆ ಕೂತಿಲ್ಲ ಎಂದು ಅಷ್ಟರಲ್ಲೇ ಊರೆಲ್ಲ ಸಾರಿಯಾಗಿತ್ತು.

"ಊರು ಹೇಗೂ ನಿನ್ನ ಹೊಟ್ಟೆ ಮುಂದೆ ಮಾಡಿಬಿಟ್ಟಿದೆ ಮಗಳೇ," ಎಂದ ಮಿಹ್ಕೆಲ್. "ಹೆತ್ತಳು ಅಂದ್ರೆ ಯಾರೂ ಬೆರಗಾಗಲ್ಲ. ಸತ್ತುಹುಟ್ಟಿದ ಕೂಸಿನ ಪೆಟ್ಟಿಗೆ ತೆಗೆದು ನೋಡೋಕೆ ಯಾವ ಪೊಲೀಸನಿಗೂ ಕೈ ಬರಲ್ಲ."

"ನಿಮಗೆ ತಲೆಗಿಲೆ ಕೆಟ್ಟಿದ್ಯಾ?" ಅಮ್ಮ ಚೀರಿದಳು. "ಹುಡುಗಿ ಬಾಳು ಏನಾಗ್ಬೇಕು?"

"ರಷ್ಯನ್ನರು ಇನ್ನೆಷ್ಟು ದಿನ ಇರ್ತಾರೆ? ಬರೋ ವಸಂತಕ್ಕೆ ನಮ್ಮನ್ನ ಬಿಡಿಸೋಕೆ ಇಂಗ್ಲಿಷರ ಬಿಳೀ ಹಡಗು ಬರುತ್ತೆ. ಅವತ್ತು ಊರನ್ನೆಲ್ಲ ಸೇರಿಸಿ ನಾನೇ ಅಗೆದು ತೋರಿಸ್ತೀನಿ. ಆಡ್ಕೊಂಡ ಬಾಯಿಗಳೆಲ್ಲ ನನ್ನ ಮಗಳ ಕಾಲು ಹಿಡೀಬೇಕು, ನೋಡ್ತಿರು."

ಆ ಬಿಳೀ ಹಡಗನ್ನು ನಂಬಿದ್ದು ಮಿಹ್ಕೆಲ್ ಒಬ್ಬನೇ ಅಲ್ಲ. ದೇಶಕ್ಕೆ ದೇಶವೇ ಸಮುದ್ರದ ಕಡೆ ಕಣ್ಣು ನೆಟ್ಟು ಕೂತಿತ್ತು. ಒಂದು ವರ್ಷದ ಅವಮಾನ ತಾನೇ ಎಂದುಕೊಂಡು ಮೀಟಾ ಒಪ್ಪಿದಳು. ಯಾರಿಗೂ ಹೇಳುವುದಿಲ್ಲ ಎಂದು ಬೈಬಲ್ಲಿನ ಮೇಲೆ ಕೈಯಿಟ್ಟಳು.

ಮಿಹ್ಕೆಲ್ ಪೆಟ್ಟಿಗೆ ಮಾಡಿ, ಫಲಕಕ್ಕೆ ಡಾಂಬರು ಬಟ್ಟೆ ಸುತ್ತಿ ಒಳಗಿಟ್ಟು, ಹಾಡಹಗಲೇ ಕಂಕುಳಲ್ಲಿ ಇರುಕಿಕೊಂಡು ಹೊರಟ. ಕೂಸಿನ ಪೆಟ್ಟಿಗೆ ಭಾರವಿರಬಾರದಲ್ಲ! ಇಬ್ಬರು ಹೊರಬೇಕಾದದ್ದನ್ನು ಒಬ್ಬನೇ ಹೊತ್ತು, ದಾರಿಯಲ್ಲಿ ಸಿಕ್ಕವರಿಗೆ ಇನ್ನೊಂದು ಕೈಯಿಂದ ಟೋಪಿ ಎತ್ತಿ ನಮಸ್ಕರಿಸಿದ. ಅವತ್ತು ಹಿಡಿದುಕೊಂಡ ಸೊಂಟ ಸಾಯುವ ತನಕ ಬಿಡಲಿಲ್ಲ. ದೀಕ್ಷಾಸ್ನಾನವಾಗದ ಮಗುವಿಗೆ ಚರ್ಚಿನ ಗಂಟೆ ಬಾರಿಸುವ ಪದ್ಧತಿಯಿರಲಿಲ್ಲ, ಪಾದ್ರಿ ಬರಲೂ ಇಲ್ಲ. ಎಲ್ಲ ಅಂದುಕೊಂಡಂತೆಯೇ ನಡೆಯಿತು.

ಅಂದುಕೊಳ್ಳದೆ ನಡೆದದ್ದು ವಾಲ್ಟರನ ವಿಷಯ. ಟಾರ್ಟು ನಗರದಲ್ಲಿ ಮೇಷ್ಟ್ರ ಕೆಲಸಕ್ಕೆ ಓದುತ್ತಿದ್ದ ವಾಲ್ಟರ್, ಮೀಟಾಳನ್ನು ಮದುವೆಯಾಗಬೇಕಿದ್ದವನು, ಬೇಸಿಗೆಗೆ ಊರಿಗೆ ಬಂದ. ಬಾವಿಕಟ್ಟೆಯ ಹತ್ತಿರ ಅವಳನ್ನು ನಿಲ್ಲಿಸಿ "ಯಾರದು?" ಎಂದು ಒಂದೇ ಮಾತು ಕೇಳಿದ. ಬೈಬಲ್ಲಿನ ಆಣೆ ನೆನೆದು ಮೀಟಾ ಕೊಡ ಎತ್ತಿಕೊಂಡು ಮನೆಗೆ ನಡೆದಳು. ಮರುವರ್ಷ ಹಡಗು ಬರಲಿಲ್ಲ. ಅದರ ಮರುವರ್ಷ ವಾಲ್ಟರ್ ಬೇರೆ ಹುಡುಗಿಯನ್ನು ಮದುವೆಯಾದ. ಮಿಹ್ಕೆಲ್ ಸಾಯುವಾಗಲೂ "ಬರುತ್ತೆ" ಎನ್ನುತ್ತಲೇ ಸತ್ತ. ಆಗ ಮೀಟಾಗೆ ಅಪ್ಪನ ಮೇಲೆ ಬಂದ ಸಿಟ್ಟು, ಅವನ ಸಮಾಧಿಗೆ ಗೆರೆ ಎಳೆಯುವಾಗಲೆಲ್ಲ ಮತ್ತೆ ಬರುತ್ತಿತ್ತು.

ನಲವತ್ತು ವರ್ಷ ಕಳೆದು ಕೊನೆಗೆ ಕಾಲ ತಿರುಗಿತು, ರಷ್ಯನ್ನರ ಹಿಡಿತ ಸಡಿಲವಾಯಿತು. ಮುಚ್ಚಿಟ್ಟಿದ್ದ ದೇಶದ ನೀಲಿ ಕಪ್ಪು ಬಿಳಿ ಬಾವುಟಗಳು ಅಟ್ಟದಿಂದ ಇಳಿದವು. ದೇಶದ ಪರಂಪರೆ ಉಳಿಸುವ ಸಂಘವೊಂದು ಹುಟ್ಟಿ, ಊರೂರಿನಲ್ಲಿ ಹೂತಿಟ್ಟ ಸ್ಮಾರಕಗಳನ್ನು ಅಗೆದು ತೆಗೆದು ನಿಲ್ಲಿಸತೊಡಗಿತು. ಮುದುಕರ ನೆನಪುಗಳನ್ನು ಟೇಪಿನಲ್ಲಿ ಹಿಡಿಯತೊಡಗಿತು. ಲೀವೆರೆಯ ಶಾಖೆಗೆ ಅಧ್ಯಕ್ಷನಾದವನು ನಿವೃತ್ತ ಮೇಷ್ಟ್ರು ವಾಲ್ಟರ್. ಹೆಂಡತಿ ತೀರಿಕೊಂಡಿದ್ದಳು, ಕಾಲಕಳೆಯಲು ಒಂದು ಕೆಲಸವೂ ಬೇಕಿತ್ತು.

ಅವನು ಟೇಪ್ ರೆಕಾರ್ಡರು ಹಿಡಿದು ಮೀಟಾಳ ಮನೆಗೂ ಬಂದ. ಅವಳು ಕಾಫಿ ಕಾಸಿ, ಮೊಸರುಗಡ್ಡೆಯ ಕೇಕು ಕತ್ತರಿಸಿಟ್ಟಳು. ಬಾವಿಕಟ್ಟೆಯ ಆ ದಿನದಿಂದ ವಾಲ್ಟರ್ ಅವಳಿಗೆ ಬಹುವಚನ ಬಳಸುತ್ತಿದ್ದ.

"ಸ್ಮಾರಕದ ಫಲಕ ಏನಾಯ್ತು ಅಂತ ನಿಮ್ಮಪ್ಪನಿಗೇನಾದ್ರೂ ಗೊತ್ತಿತ್ತಾ?"

"ಆ ಯಂತ್ರ ತಿರುಗ್ತಿದ್ಯಾ?"

"ತಿರುಗ್ತಿದೆ. ಹೇಳಿ."

"ಫಲಕ ನಮ್ಮ ಜಾಗದಲ್ಲಿದೆ, ಆ ಚಿಕ್ಕ ಸಮಾಧೀಲಿ. ನನಗೆ ಮಗು ಆಗಿರ್ಲಿಲ್ಲ ವಾಲ್ಟರ್. ಯಾವತ್ತೂ..."

ಟಕ್ಕನೆ ಶಬ್ದವಾಯಿತು. ವಾಲ್ಟರ್ ಯಂತ್ರ ನಿಲ್ಲಿಸಿದ್ದ.

"ಫಲಕದ ಮಾತು ಸಾಕು," ಎಂದ, ಕಿವಿಯವರೆಗೂ ಕೆಂಪಾಗಿ. "ಆ ವಿಷಯ ಟೇಪಿನಲ್ಲಿ ಯಾಕೆ. ಬೇರೆಯವರೆಲ್ಲ ಕೇಳ್ತಾರೆ."

"ಕೇಳ್ಲಿ ಅಂತಾನೇ ಹೇಳ್ತಿರೋದು! ಹಾಕು ಅದನ್ನ!"

"ಬಿಡಿ ಮೀಟಾ. ಹಳೇ ಗಾಯ ಕೆರೀಬಾರ್ದು."

ಮೀಟಾ ಹಲ್ಲು ಕಚ್ಚಿದಳು. ಇರಲಿ, ಹೇಗೂ ಅಗೆಯುತ್ತಾರಲ್ಲ, ಕಣ್ಣಾರೆ ನೋಡಲಿ ಎಂದು ಸಮಾಧಾನ ಮಾಡಿಕೊಂಡಳು. ಅಪ್ಪ ಹೇಳಿದ ದಿನ ಅಪ್ಪನಿಲ್ಲದೆ ಬರುತ್ತಿದೆ, ಬರಲಿ. ಹೊಸ ತಲೆವಸ್ತ್ರ ಕೊಂಡಳು.

ಅಗೆಯುವ ದಿನ ಊರೇ ಸೇರಿತ್ತು. ಮೀಟಾ ಮುಂದೆಯೇ ನಿಂತಳು. ಮರದ ಪೆಟ್ಟಿಗೆ ಎಂದೋ ಮಣ್ಣಾಗಿತ್ತು. ಸನಿಕೆಗೆ ಖಣ್ಣೆಂದು ತಗುಲಿದ್ದು ಕಂಚು. ಬಟ್ಟೆ ಬಿಚ್ಚಿದಾಗ ಅಕ್ಷರಗಳು ಒಂದೂ ಮಾಸಿರಲಿಲ್ಲ. ಗಂಡಸರು ಬಿಕ್ಕಿಬಿಕ್ಕಿ ಅತ್ತರು. ಯಾರೋ ಹಾಡು ಎತ್ತಿದರು, ಎಲ್ಲರೂ ದನಿಗೂಡಿಸಿದರು. ಈಗ ತಿರುಗುತ್ತಾರೆ, ಈಗ ನನ್ನ ಮುಖ ನೋಡುತ್ತಾರೆ ಎಂದು ಮೀಟಾ ಕಾದಳು.

ವಾಲ್ಟರ್ ಟೋಪಿ ತೆಗೆದ. ಗುಂಡಿಯಲ್ಲಿದ್ದವರಿಗೆ ಮೆಲ್ಲಗೆ "ಸಾಕು. ಅದರ ಕೆಳಗೆ ಅಗೀಬೇಡಿ. ಮುಚ್ಚಿಬಿಡಿ," ಎಂದ. ಉಳಿದ ಗಂಡಸರೂ ಟೋಪಿ ತೆಗೆದರು.

ಮೀಟಾಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಗು ಕೆಳಗಿದೆ ಎಂದುಕೊಂಡಿದ್ದಾರೆ! ಮಿಹ್ಕೆಲ್ ಸತ್ತ ಮಗುವನ್ನು ಹೂತು, ಅದರ ಮೇಲೆ ಫಲಕ ಇಟ್ಟಿದ್ದಾನೆ ಎಂದುಕೊಂಡಿದ್ದಾರೆ!

"ಅಗೀರಿ!" ಎಂದು ಕೂಗಿದಳು. "ಕೆಳಗೇನೂ ಇಲ್ಲ, ಅಗೀರಿ ಇನ್ನೂ! ನಿಮ್ಮ ಕಣ್ಣಾರೆ ನೋಡಿ!"

ಲಿಯೊಂಟೀನ್ ಓಡಿಬಂದು ಅವಳನ್ನು ತಬ್ಬಿದಳು. "ಸಾಕು ಕಣೇ, ಸಾಕು. ಹೆತ್ತ ಕರುಳು, ನಮಗೆ ಗೊತ್ತಾಗಲ್ವಾ?"

ಗಂಡಸರು ತರಾತುರಿಯಲ್ಲಿ ಮಣ್ಣು ಎಳೆದರು. ಅವರಲ್ಲಿ ಒಬ್ಬನೂ ಕೆಟ್ಟವನಲ್ಲ. ಕೆಟ್ಟವರಾಗಿದ್ದರೆ ಇನ್ನೂ ಒಂದು ಮೊಳ ಅಗೆಯುತ್ತಿದ್ದರು.

ಜೂನ್ ತಿಂಗಳ ಮಧ್ಯಬೇಸಿಗೆಯಲ್ಲಿ ಸ್ಮಾರಕ ಮತ್ತೆ ನಿಂತಿತು. ಓಕ್ ಎಲೆಯ ಮಾಲೆ, ಬಾವುಟ, ತುತ್ತೂರಿಯವರು, ಎಲ್ಲ ಇತ್ತು. ವಾಲ್ಟರ್ ಮಾಡಿದ ಭಾಷಣ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತಾರೆ. ಸ್ವಂತ ಮಗಳ ದುರ್ದೆಸೆಯನ್ನೂ ನಾಡಿನ ಕೆಲಸಕ್ಕೆ ಬಳಸಿಕೊಂಡ ಮಿಹ್ಕೆಲನ ಧೈರ್ಯವನ್ನು ಹೊಗಳಿದ. ಮಗಳ ಹೆಸರು ಹೇಳಲಿಲ್ಲ. ಅದು ಅವನ ಸೌಜನ್ಯ. ಊಟದ ಮೇಜಿನಲ್ಲಿ ಮೀಟಾಳ ತಟ್ಟೆಗೆ ಎಲ್ಲರೂ ತಾವಾಗಿಯೇ ಹಂದಿಮಾಂಸ, ಹುಳಿ ಎಲೆಕೋಸು ಬಡಿಸಿದರು.

ಮರುವಾರ ಕುಂಟೆ ಹಿಡಿದು ಸ್ಮಶಾನಕ್ಕೆ ಹೋದಾಗ, ಪುಟ್ಟ ದಿಬ್ಬದ ಮೇಲೆ ಮರದ ಶಿಲುಬೆ ಇರಲಿಲ್ಲ. ಅದರ ಜಾಗದಲ್ಲಿ ನುಣುಪಾದ ಗ್ರಾನೈಟ್ ಕಲ್ಲು. "ಮೀಟಾಳ ಮಗು, 1946." ಕೆಳಗೆ ಸಣ್ಣ ಅಕ್ಷರದಲ್ಲಿ ಸಂಘದ ಕೃತಜ್ಞತೆ.

ನಡೆದಳು ನೆಟ್ಟಗೆ ವಾಲ್ಟರನ ಮನೆಗೆ. ಅವನು ಅಂಗಳದ ಪೊದೆಯಿಂದ ಕರಂಟ್ ಹಣ್ಣು ಬಿಡಿಸುತ್ತಿದ್ದ.

"ಯಾರನ್ನ ಕೇಳಿ ಆ ಕಲ್ಲು ಹಾಕಿಸ್ದೆ?"

"ನಿಮಗೆ ಹೇಳದೇ ಮಾಡೋಣ, ಖುಷಿಪಡ್ತಾರೆ ಅಂತ..." ಅವನು ಕೈ ಒರೆಸಿಕೊಂಡ. "ನಮ್ಮ ಸಂಘ ಇರೋದೇ ಅದಕ್ಕಲ್ವಾ ಮೀಟಾ? ಹೆಸರಿಲ್ಲದೋರು ಯಾರೂ ಮರೆತುಹೋಗಬಾರ್ದು. ಇನ್ಮೇಲೆ ನೀವು ತಲೆ ತಗ್ಗಿಸಬೇಕಾಗಿಲ್ಲ. ಊರು ಕ್ಷಮಿಸಿದೆ."

"ಕ್ಷಮಿಸಿದ್ಯಂತಾ?"

"ನಾನೂ ಕ್ಷಮಿಸಿದೀನಿ. ಎಂದೋ."

ಮೀಟಾ ಅವನ ಮುಖವನ್ನೇ ನೋಡಿದಳು. "ನನ್ನ ಮಾತು ನಂಬಿದ್ರೆ ನಿನ್ನ ಗತಿ ಏನು ಅಂತ ಹೆದರಿಕೆ ನಿನಗೆ," ಎಂದಳು. "ಸುಮ್ಮಸುಮ್ಮನೆ ಕೈ ಬಿಟ್ಟೆ ಅಂತಾಗುತ್ತಲ್ಲ. ಅದಕ್ಕೇ ನನಗೊಂದು ಮಗು ಹುಟ್ಟಿರಲೇಬೇಕು ನಿನಗೆ."

ವಾಲ್ಟರ್ ಬುಟ್ಟಿ ತೆಗೆದುಕೊಂಡು ಒಳಗೆ ಹೋದ.

ಜುಲೈ ತಿಂಗಳಲ್ಲಿ ಸ್ಮಶಾನದ ಹಬ್ಬ. ಊರು ಬಿಟ್ಟು ಹೋದವರೆಲ್ಲ ಅವತ್ತು ಹೂವು ಹಿಡಿದು ಬರುತ್ತಾರೆ, ಅವರವರ ಸಮಾಧಿಯ ಪಕ್ಕ ನಿಲ್ಲುತ್ತಾರೆ, ಪಾದ್ರಿ ಪ್ರಾರ್ಥನೆ ಹೇಳುತ್ತಾರೆ. ಪ್ರಾರ್ಥನೆ ಮುಗಿದು ಜನ ಮಾತಿಗೆ ತೊಡಗಿದಾಗ ಮೀಟಾ ಬೇಲಿಗೆ ಒರಗಿಸಿದ್ದ ಸನಿಕೆ ತಂದಳು. ಹೊಸ ತಲೆವಸ್ತ್ರ ಕಟ್ಟಿದ್ದಳು. ಗ್ರಾನೈಟ್ ಕಲ್ಲನ್ನು ಮೊಣಕಾಲಿನಿಂದ ಪಕ್ಕಕ್ಕೆ ನೂಕಿ ಅಗೆಯತೊಡಗಿದಳು.

"ಏನ್ಮಾಡ್ತಿದ್ದೀಯೇ ಮೀಟಾ!" ಎಂದು ಯಾರೋ ಕೂಗಿದರು. ಪಾದ್ರಿ ಬಂದು ಕೈ ಹಿಡಿಯಲು ನೋಡಿದರು. "ಹತ್ರ ಬಂದ್ರೆ ಸನಿಕೇಲಿ ಬಿಡ್ತೀನಿ," ಎಂದಳು. ಪಾದ್ರಿ ಹಿಂದೆ ಸರಿದರು. ಜನ ಸುತ್ತ ಸೇರಿದರು. ಫಲಕವಿದ್ದ ಆಳ ದಾಟಿತು. ಅದರ ಕೆಳಗೆ ಯಾರೂ ಮುಟ್ಟಿರದ ಹಳದಿ ಮರಳು, ಎಲ್ಲೂ ಕಲಕಿದ ಗುರುತಿಲ್ಲ. ಇನ್ನೂ ಅಗೆದಳು. ಸೊಂಟದ ಮಟ್ಟ ಬಂದ ಮೇಲೆ ಸನಿಕೆ ಎಸೆದು, ಗುಂಡಿಯಲ್ಲೇ ನಿಂತು ತಲೆಯೆತ್ತಿದಳು. ಏದುಸಿರು ಬರುತ್ತಿತ್ತು.

"ನೋಡ್ರಪ್ಪಾ ಎಲ್ಲರೂ. ಬಂದು ನೋಡಿ. ಎಲ್ಲಿದೆ ಮಗು?"

ಎಲ್ಲರೂ ಬಗ್ಗಿ ನೋಡಿದರು. ಯಾರೂ ನಗಲಿಲ್ಲ, ಯಾರೂ ಆಡಿಕೊಳ್ಳಲಿಲ್ಲ. ಹೆಂಗಸರು ಕಣ್ಣು ಒರೆಸಿಕೊಂಡರು. ವಾಲ್ಟರ್ ಬೇರೆ ಕಡೆ ಮುಖ ಮಾಡಿ ನಿಂತಿದ್ದ. ಲಿಯೊಂಟೀನ್ ಗುಂಡಿಯ ಅಂಚಿನಲ್ಲಿ ಕೂತು, ಅವಳನ್ನು ಮೇಲೆತ್ತಲು ಕೈ ಚಾಚಿದಳು.

"ಎಷ್ಟು ಸಣ್ಣ ಮೂಳೆ ಕಣೇ ಅವು," ಎಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ. "ಇಷ್ಟು ವರ್ಷಕ್ಕೆ ಮರಳಲ್ಲಿ ಕರಗೇ ಹೋಗಿರುತ್ತೆ. ಬಾ, ಮನೆಗೆ ಹೋಗೋಣ."

ಮೀಟಾ ಆ ಕೈ ಹಿಡಿಯದೆ ತಾನೇ ಹತ್ತಿ ಬಂದಳು. ಗುಂಡಿಯನ್ನು ಹಾಗೇ ಬಿಟ್ಟು ಹೋದಳು.

ಮುಂದಿನ ಶನಿವಾರ ಅಪ್ಪ ಅಮ್ಮನ ಸಮಾಧಿಗೆ ಬಂದಾಗ ಗುಂಡಿ ಮುಚ್ಚಿತ್ತು. ಕಲ್ಲು ಮತ್ತೆ ನೆಟ್ಟಗಿತ್ತು. ಮರಳಿಗೆ ಯಾರೋ ಅಂದವಾಗಿ ಗೆರೆ ಎಳೆದಿದ್ದರು. ಪಾಪ, ಆ ಹೆಂಗಸಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಆ ಸಮಾಧಿಯನ್ನು ಇನ್ನು ತಾವೇ ನೋಡಿಕೊಳ್ಳುವುದು ಎಂದು ಸಂಘ ತೀರ್ಮಾನಿಸಿತ್ತು. ಸದಸ್ಯರು ಸರದಿಯ ಮೇಲೆ ಬರುತ್ತಿದ್ದರು. ಮೀಟಾ ಅವರಿಗೆ ಬೆನ್ನು ಹಾಕಿ ಎರಡೇ ಸಮಾಧಿಗೆ ಗೆರೆ ಎಳೆದು ಮನೆಗೆ ಹೋಗುತ್ತಿದ್ದಳು.

ಅವಳು ಸತ್ತು ಈಗ ಬಹಳ ವರ್ಷವಾಯಿತು. ನೆಂಟರಿಷ್ಟರು ಯಾರೂ ಇಲ್ಲದ್ದರಿಂದ ಅವಳ ಸಮಾಧಿಯ ಮೇಲೆ ಹುಲ್ಲು ಮೊಳಕಾಲುದ್ದ ಬೆಳೆದಿದೆ. ಪಕ್ಕದ ಮಗುವಿನ ಸಮಾಧಿಗೆ ಮಾತ್ರ ಒಂದು ಶನಿವಾರವೂ ಹೂವು ತಪ್ಪಿಲ್ಲ.