ಕೊಬ್ಬರಿ ಬಿಡಿಸುತ್ತ ಕುಳಿತ ಪಾದ್ರಿ

ಭಾನುವಾರ ಗಂಟೆ ಹೊಡೆದು ಎಷ್ಟೋ ಹೊತ್ತಾದರೂ ನಮ್ಮ ಹೊಸ ಪಾದ್ರಿಗಳ ಸುಳಿವಿಲ್ಲ. ಜನ ಸೇರದಿದ್ದರೆ ಚರ್ಚ್ ಮುಚ್ಚುತ್ತೇವೆಂದು ಮೇಲಿನವರು ಹೇಳಿಯಾಗಿತ್ತು. ಇದ್ದ ನಾಲ್ಕು ಮನೆಯವರೂ ಎದ್ದು ಹೋಗುವಂತಿದ್ದರು. ಸಿಟ್ಟಿನಲ್ಲಿ ಹುಡುಕಿಕೊಂಡು ಹೊರಟೆ. ನೋಡಿದರೆ, ಕೈ ಮುರಿದುಕೊಂಡಿದ್ದ ಪಕ್ಕದ ಬೀದಿಯ ರಂಗಮ್ಮನ ಜಗಲಿಯಲ್ಲಿ ಕೂತು ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದಾರೆ!

“ಪ್ರಾರ್ಥನೆ ಬಿಟ್ಟು ಇದೇನ್ ಫಾದರ್?” ಎಂದೆ.

“ನಾಳೆ ತಿಪಟೂರಿನ ಮಂಡಿಗೆ ಹಾಕ್ಬೇಕಂತೆ ಕಣಮ್ಮ. ಎಲ್ರೂ ಬನ್ನಿ, ಬೇಗ ಮುಗಿಯುತ್ತೆ.”

ಗೊಣಗುತ್ತಲೇ ಎಲ್ಲರನ್ನೂ ಕರೆತಂದೆ. ಅಂದಿನ ಪ್ರಾರ್ಥನೆ ಜಗಲಿಯಲ್ಲೇ ಆಯಿತು.

ಮುಂದಿನ ಭಾನುವಾರ ರಂಗಮ್ಮ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಚರ್ಚಿಗೇ ಬಂದಳು. “ನೀವ್ ನಮ್ಮನೆಗ್ ಬಂದ್ರಿ, ನಾವ್ ಬರದ್ ಬ್ಯಾಡ್ವಾ? ಒಸಿ ಸರ್ಕಳ್ರವ್ವ!”

ವರ್ಷಗಟ್ಟಲೆ ಖಾಲಿ ಬೆಂಚುಗಳ ಧೂಳು ಒರೆಸಿದವಳು ನಾನು. ಅಂದು ನನಗೇ ಕೂರಲು ಜಾಗವಿಲ್ಲದೆ, ಬಾಗಿಲ ಬಳಿ ನಿಂತು ಮತ್ತೆ ಗೊಣಗಿದೆ.