ಎರಡು ಖಾನೆಯ ಪೆಟ್ಟಿಗೆ

೧೯೬೩ರಲ್ಲಿ, ಏಳನೇ ಕ್ಲಾಸಿಗೆ, ನನ್ನ ಓದು ನಿಂತಿತು. ಬುದ್ಧಿ ಸಾಲದೆ ನಿಂತದ್ದಲ್ಲ. ಅಪ್ಪ ತೀರಿಕೊಂಡರು, ಮನೆಗೆ ದುಡಿಯುವ ಕೈ ಬೇಕಿತ್ತು. ಚರ್ಚಿನ ಸಭಾಪಾಲಕ ಅಂದರೆ ದೊಡ್ಡ ಓದು ಓದಿದವನು ಅಂತ ಜನ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲೇ ಹೇಳಿದೆ. ನಾನು ಓದಿದ್ದು ಶಿವಾಜಿನಗರದ ಮರಗೆಲಸದ ಅಂಗಡಿಯಲ್ಲಿ. ಅಲ್ಲಿನ ಉಸ್ತಾದರು ನಾವು ಕೂಡಿಸಿದ ಹಲಗೆಗಳ ಸಂದಿಯ ಮೇಲೆ ಉಗುರು ಎಳೆಯುತ್ತಿದ್ದರು. ಉಗುರು ಸಿಕ್ಕಿತೋ, ಪೂರ್ತಿ ಬಿಚ್ಚಿ ಮತ್ತೆ ಮಾಡಬೇಕು. ಎರಡು ವರ್ಷದಲ್ಲಿ ನನ್ನ ಕೆಲಸದಲ್ಲಿ ಅವರ ಉಗುರು ಸಿಕ್ಕುವುದು ನಿಂತಿತು.

ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಯ ಬಾಗಿಲು ಸರಿಮಾಡಲು ಹೋಗಿದ್ದೆ. ಭಾನುವಾರ ಅವರ ನಡುಮನೆಯಲ್ಲಿ ಐದಾರು ಜನ ಪ್ರಾರ್ಥನೆಗೆ ಸೇರುತ್ತಿದ್ದರು. ವೇದ, ಅಂದರೆ ಬೈಬಲ್, ಓದಿ ಹೇಳುವವರು ಇರಲಿಲ್ಲ. ನಾನೂ ಕ್ರೈಸ್ತನೇ ಅಂತ ಗೊತ್ತಾದ ತಕ್ಷಣ ಅಜ್ಜಿ ಕೇಳಿದರು, "ಮೇಸ್ತ್ರಿ, ನಿಂಗೆ ಓದಕ್ಕೆ ಬರುತ್ತಾ?"

"ಏಳನೇ ಕ್ಲಾಸು ಅಜ್ಜಿ."

"ಬೇಕಾದಷ್ಟಾಯ್ತು. ಭಾನುವಾರ ಉಳಿ ಬಿಟ್ಟು ಬಾ."

ಆ ಓದು ಬೆಳೆದು ಸಭೆಯಾಯಿತು. ೧೯೭೪ರ ಹೊತ್ತಿಗೆ ಶೀಟು ಹೊದಿಸಿದ ನಮ್ಮದೇ ಆರಾಧನೆಯ ಹಾಲ್ ಇತ್ತು, ನನಗೆ ಮದುವೆಯೂ ಆಗಿತ್ತು. ವಾರವೆಲ್ಲ ಮರಗೆಲಸ, ಭಾನುವಾರ ಪ್ರಸಂಗ. ಎಲ್ಲರೂ ನನ್ನನ್ನು ಅಯ್ಯನವರು ಅನ್ನುತ್ತಿದ್ದರು. ಅಜ್ಜಿಗೆ ಮಾತ್ರ ನಾನು ಮೇಸ್ತ್ರಿಯೇ.

ನಮ್ಮಲ್ಲಿ ಹಿಡಿಅಕ್ಕಿಯ ಪದ್ಧತಿ ಇತ್ತು. ಎಸರಿಗೆ ಅಕ್ಕಿ ಹಾಕುವ ಮುಂಚೆ ಹೆಂಗಸರು ದೇವರ ಹೆಸರಿನಲ್ಲಿ ಒಂದು ಹಿಡಿ ಎತ್ತಿಡುತ್ತಿದ್ದರು. ಭಾನುವಾರ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಹಾಲ್‌ನಲ್ಲಿ ಮುಂದೆ ಇದ್ದ ಮಂಕರಿಯಲ್ಲಿ ಇಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಅದು ನಮ್ಮ ಮನೆಗೆ ಬರುತ್ತಿತ್ತು. ಸಭೆಯ ತಮಿಳು ಮನೆಗಳದ್ದು ಕುಸುಬಲಕ್ಕಿ, ನಮ್ಮ ಕನ್ನಡದವರದ್ದು ಸಾದಾ ಅಕ್ಕಿ. ಗಂಟು ಬಿಚ್ಚಿ ಸುರಿದರೆ ಎಲ್ಲ ಒಂದೇ ರಾಶಿ.

"ಒಂದು ಮುದ್ದೆ ಆಗುತ್ತೆ, ಇನ್ನೊಂದು ಕಲ್ಲು," ಅಂದಳು ನನ್ನ ಹೆಂಡತಿ. "ನಿಮ್ಮ ಸಭೆ ಥರಾನೇ. ಅನ್ನಕ್ಕೂ ಒಂದು ಮನಸ್ಸಿಲ್ಲ."

ಇದಕ್ಕೆ ಉಪಾಯ ಮಾಡದಿದ್ದರೆ ನಾನೆಂಥ ಕೆಲಸಗಾರ? ಹೊನ್ನೆ ಮರದಲ್ಲಿ ಒಂದು ಪೆಟ್ಟಿಗೆ ಮಾಡಿದೆ. ನಡುವೆ ಒಂದು ಹಲಗೆ, ಎರಡು ಖಾನೆ, ಒಂದು ಕುಸುಬಲಕ್ಕಿಗೆ, ಒಂದು ಸಾದಾ ಅಕ್ಕಿಗೆ. ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಆ ಭಾನುವಾರ ಮನೆವಾರ್ತೆಯವನ, ಅಂದರೆ ಯಜಮಾನನ ಆಸ್ತಿ ನೋಡಿಕೊಳ್ಳುವವನ, ವಿಷಯವೇ ಪ್ರಸಂಗ. ದೇವರು ನಮ್ಮ ಕೈಗೆ ಕೊಟ್ಟದ್ದನ್ನು ಅಚ್ಚುಕಟ್ಟಾಗಿ ಇಡಬೇಕು, ಬೆರಕೆ ಮಾಡಬಾರದು ಅಂದೆ. ಎಲ್ಲರೂ ಪೆಟ್ಟಿಗೆ ಸವರಿ ಸವರಿ ನೋಡಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಮುಂದಿನ ವಾರ ಅಜ್ಜಿ ಯಾವಾಗಲೂ ಕೂರುವ ಚಾಪೆಯ ಮೊದಲ ಮೂಲೆ ಖಾಲಿ ಇತ್ತು. ಅಜ್ಜಿಗೆ ಮಂಡಿನೋವು ಅಂದುಕೊಂಡೆ. ಅದರ ಮುಂದಿನ ವಾರವೂ ಖಾಲಿ. ಮೂರನೇ ವಾರ ವೇದ ತೆರೆದರೆ, ಆ ಮೂಲೆ ನೋಡಿ ನಾಲಿಗೆ ತೊದಲಿತು. ನನ್ನನ್ನು ಓದಲು ಹಚ್ಚಿದವರೇ ಇಲ್ಲದೆ ಯಾರಿಗೆ ಓದಲಿ?

ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು. "ಪೆಟ್ಟಿಗೆ ಇಟ್ಟ ದಿನ ಅಜ್ಜಿ ಅದರ ಹತ್ರ ಹೋದ್ರು. ಎರಡೂ ಖಾನೆ ನೋಡಿದ್ರು. ತಂದಿದ್ದ ಗಂಟನ್ನ ಹಾಗೇ ಸೆರಗಿಗೆ ಕಟ್ಕೊಂಡು ಹೋದ್ರು."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಹೊಗಳಿಸ್ಕೊಳ್ತಾ ಇದ್ರಿ. ಅಜ್ಜಿ ತರೋದು ರಾಗಿ ಅಂತ ನಿಮಗೆ ಗೊತ್ತೇ ಇಲ್ವಾ?"

ಗೊತ್ತಿರಲಿಲ್ಲ. ಆ ಮನೆಯಲ್ಲಿ ಅಕ್ಕಿ ಬೇಯುವುದು ಹಬ್ಬಕ್ಕೆ ಮಾತ್ರ. ಇಷ್ಟು ವರ್ಷ ಅವರ ರಾಗಿಯನ್ನು ನಾನೇ ಮುದ್ದೆ ಮಾಡಿಸಿಕೊಂಡು ತಿಂದಿದ್ದೆ.

ಸೋಮವಾರ ಸಂಜೆ ಹೋದೆ. ಅಜ್ಜಿ ಮೊರ ಹಿಡಿದು ಕೂತಿದ್ದರು. "ಬಾ ಮೇಸ್ತ್ರಿ. ಬಾಗಿಲು ಚೆನ್ನಾಗೇ ಇದೆ, ರಿಪೇರಿ ಇಲ್ಲ."

"ತಪ್ಪಾಯ್ತು ಅಜ್ಜಿ. ಮೂರನೇ ಖಾನೆ ಮಾಡ್ತೀನಿ, ನಿಮಗೇ ಅಂತ."

"ನಾಳೆ ಜೋಳ ತರೋಳು ಬರ್ತಾಳೆ. ಅವಳಿಗೆ ನಾಲ್ಕನೇದಾ? ದೇವರ ಮುಂದೆ ಕಿರಾಣಿ ಅಂಗಡಿ ಇಡ್ತೀಯೇನೋ?" ಅಂದರು. ಆಮೇಲೆ ಮೊರ ಕೆಳಗಿಟ್ಟು ಮೆಲ್ಲಗೆ, "ಬರಿಗೈಲಿ ಹ್ಯಾಗೋ ಬರ್ಲಿ ನಾನು? ಬಂದ್ರೆ ನಂದನ್ನೂ ತಗೋಬೇಕು."

ಶನಿವಾರ ಉಳಿ ತೆಗೆದುಕೊಂಡು ಆರಾಧನೆಯ ಹಾಲ್‌ಗೆ ಹೋದೆ. ನಡುವಿನ ಹಲಗೆಯನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದೆ ಅಂದರೆ ಅದು ಬರಲೇ ಇಲ್ಲ. ಕೊನೆಗೆ ಸೀಳಿಯೇ ತೆಗೆಯಬೇಕಾಯಿತು. ನನ್ನ ಕೆಲಸವನ್ನು ನಾನೇ ಒಡೆದದ್ದು ಅದೊಂದೇ ಸಲ.

ಭಾನುವಾರ ಮೊದಲನೇ ಹಾಡು ಮುಗಿಯುವ ಹೊತ್ತಿಗೆ ಅಜ್ಜಿ ಬಂದರು. ಪೆಟ್ಟಿಗೆಯೊಳಗೆ ಕೈ ಇಟ್ಟು ಹಲಗೆ ಇದ್ದ ಜಾಗ ಸವರಿದರು. "ಉಗುರು ಸಿಕ್ಕುತ್ತಲ್ಲೋ ಮೇಸ್ತ್ರಿ."

"ಸಿಕ್ಕಲಿ ಬಿಡಿ ಅಜ್ಜಿ."

ಅಕ್ಕಿಯ ಮೇಲೆಯೇ ರಾಗಿ ಸುರಿದು, ಹೋಗಿ ತಮ್ಮ ಮೂಲೆಯಲ್ಲಿ ಕೂತರು. ಆ ದಿನದ ಓದು ನನ್ನ ಬಾಯಲ್ಲಿ ತಡವರಿಸಲಿಲ್ಲ. ಮಧ್ಯಾಹ್ನ ಹೆಂಡತಿ ಜರಡಿ ಹಿಡಿದಳು. ರಾಗಿಯೆಲ್ಲ ಒಂದೇ ಸಲಕ್ಕೆ ಕೆಳಗಿಳಿಯಿತು. "ನೋಡಿ, ಬೇರೆ ಮಾಡೋಕೆ ಸುಲಭ ಅಜ್ಜಿದೇ. ತಕರಾರೆಲ್ಲ ಅಕ್ಕಿಗಳದ್ದೇ," ಅಂದಳು.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಈಗ ನನ್ನ ಹತ್ತಿರ ಇರುವುದು ಇಷ್ಟು: ಹೆಂಡತಿ, ಇಬ್ಬರು ಮಕ್ಕಳು, ಉಸ್ತಾದರು ಕೊಟ್ಟ ಉಳಿ ಒಂದು, ವೇದಪುಸ್ತಕ ಒಂದು, ಹೊನ್ನೆ ಮರದ ಪೆಟ್ಟಿಗೆ ಒಂದು. ಅದಕ್ಕೆ ಖಾನೆ ಒಂದು.